ಉಕ್ಕದ ಹಾಲು

ನಿರಾಶ್ರಿತರಿಗೆ ಬಾಡಿಗೆ ಮನೆ ಹುಡುಕಿಕೊಡೋದು ನನ್ನ ಕೆಲಸ. ಕಾಬೂಲಿನಿಂದ ಬಂದ ಫರೀದಾಗೆ, ಅವಳ ಮಕ್ಕಳಿಗೆ ನಿಟ್ಟುವಳ್ಳಿಯಲ್ಲೊಂದು ಮನೆ ಸಿಕ್ಕಿತು. ಸೊಸೆಯನ್ನೂ ಕರೆದುಕೊಂಡು ಬಂದಿದ್ದ ಓನರ್ ಗಂಗಮ್ಮ ಕೀಲಿ ಕೊಡೋ ಮುಂಚೆ, "ಮೊದ್ಲು ಹಾಲು ಉಕ್ಕಿಸ್ರಿ, ಮನಿಗೆ ಒಳ್ಳೇದು" ಅಂದರು. ನಾನು ಹಿಂದಿಯಲ್ಲಿ ಹೇಳಿದೆ. ಫರೀದಾ ತಲೆಯಾಡಿಸಿದಳು. ಆದರೆ ಹಾಲು ಅಂಚಿಗೆ ಬರುತ್ತಲೇ ಗ್ಯಾಸ್ ಆಫ್ ಮಾಡಿಬಿಟ್ಟಳು. ಎರಡನೇ ಸಲವೂ ಅಷ್ಟೇ. ಗಂಗಮ್ಮ ಮುಖ ಗಂಟು ಹಾಕಿಕೊಂಡರು. ಮನೆ ಕೈತಪ್ಪಿತು ಅಂದುಕೊಂಡೆ.

"ಕ್ಯಾಂಪಿನಲ್ಲಿ ಮಕ್ಕಳಿಗೇ ಹಾಲು ಸಾಲ್ತಿರಲಿಲ್ಲ, ಚೆಲ್ಲೋಕೆ ಕೈ ಬರ್ತಿಲ್ಲ" ಅಂದಳು ಫರೀದಾ. ಅದನ್ನೂ ಗಂಗಮ್ಮನಿಗೆ ಕನ್ನಡದಲ್ಲಿ ಹೇಳಿದೆ.

ಅವರು ಪಾತ್ರೆಯನ್ನೇ ನೋಡುತ್ತ ನಿಂತರು. ಆಮೇಲೆ, "ನಮ್ಮ ಸೊಸಿ ದಿನಾ ಉಕ್ಕಿಸ್ತಾಳೆ, ಏನ್ ಬಂತು? ಹುಡುಗ್ರಿಗೆ ಕುಡಿಸವ್ವ" ಅಂತ ಕೀಲಿ ಕೈಗಿಟ್ಟರು.

ಬಾಗಿಲಲ್ಲೇ ನಿಂತಿದ್ದ ಸೊಸೆಯನ್ನು ಸಮಾಧಾನ ಮಾಡೋದು ನನ್ನ ಕೆಲಸದಲ್ಲಿ ಬರಲ್ಲ.