ಖಾಲಿ ತೊಟ್ಟಿಯ ತೂಕ

ಬೆಳಿಗ್ಗೆ ಏಳು ಗಂಟೆ ಇಪ್ಪತ್ತು ನಿಮಿಷಕ್ಕೆ ಖಂಡೆಪ್ಪ ತನ್ನ ಕೆಲಸ ಮಾಡುತ್ತಿದ್ದ, ಅಂದರೆ ಕುರ್ಚಿಯ ಮೇಲೆ ಸುಮ್ಮನೆ ಕೂತಿದ್ದ. ಎದುರಿಗೆ ಒಂದು ಪೆಟ್ಟಿಗೆ. ಅದರ ಮೇಲೆ ಹಸಿರು ಬಟನ್ ಒಂದು, ಕೆಂಪು ಬಟನ್ ಒಂದು, ಅಂಕಿಗಳು ಉರಿಯುವ ಮೂರು ಕಿಂಡಿ. ಹಸಿರು ಬಟನ್ ಒತ್ತಿದರೆ ಕಿಟಕಿಯಾಚೆಯ ಯಂತ್ರ ತಾನೇ ಜಲ್ಲಿಕಲ್ಲಿನ ಖಡಿ, ಉಸುಕು, ಸಿಮೆಂಟು, ನೀರು ತೂಗಿಕೊಂಡು, ತಾನೇ ಕಲಸಿ, ತಾನೇ ಲಾರಿಗೆ ಸುರಿಯುತ್ತಿತ್ತು. ಖಂಡೆಪ್ಪ ನೋಡುತ್ತಿದ್ದ. ಏನನ್ನು ನೋಡಬೇಕೆಂಬುದು ಮಾತ್ರ ಅವನಿಗೆ ಇನ್ನೂ ತಿಳಿದಿರಲಿಲ್ಲ.

ಅದು 2005ನೆಯ ಇಸವಿ. ಸೇಡಂ ಊರಾಚೆ ಸಿಮೆಂಟ್ ಕಾರ್ಖಾನೆಯೊಂದರ ನೌಕರರಿಗೆ ಮನೆ, ದವಾಖಾನೆ ಎಲ್ಲ ಏಳುತ್ತಿದ್ದವು. ತೆಂಗಳಿಯ ಖಂಡೆಪ್ಪ ಹದಿನೆಂಟರ ವಯಸ್ಸಿಗೆ ವಾಡಿಯಲ್ಲಿ ಬುಟ್ಟಿ ಹೊತ್ತವನು. ಮುಂದೆ ಸಲಿಕೆ ಹಿಡಿದ. ಆಮೇಲೆ ತನ್ನದೇ ಗ್ಯಾಂಗ್ ಕಟ್ಟಿಕೊಂಡು ಮೇಸ್ತ್ರಿಯಾದ. ಚಿತ್ತಾಪುರದ ಗೋದಾಮಿನ ನೆಲ, ಚಂದಾಪುರದ ಕಚೇರಿಗಳ ಸ್ಲ್ಯಾಬು, ಶಹಾಬಾದಿನ ಎಷ್ಟೋ ಮನೆಗಳ ಮಾಳಿಗೆ, ಎಲ್ಲ ಅವನ ಗ್ಯಾಂಗು ಕಲಸಿ ಹಾಕಿದ ಕಾಂಕ್ರೀಟು. ಆ ವರ್ಷ ಬೇಸಿಗೆಯಲ್ಲಿ ಪುಣೆಯಿಂದ ಈ ಯಂತ್ರ ಬಂತು, ಗ್ಯಾಂಗು ಚದುರಿತು. ಕೆಲವರು ಶಹಾಬಾದಿಗೆ ಫರ್ಸಿಕಲ್ಲಿನ ಪಾಲಿಶಿಗೆ ಹೋದರು, ಕೆಲವರು ಗುಂಡಗುರ್ತಿಗೆ ಹೊಲಕ್ಕೆ ಮರಳಿದರು. ಕಾಂಕ್ರೀಟು ಬಲ್ಲವನೊಬ್ಬ ಪೆಟ್ಟಿಗೆಯ ಮುಂದೆ ಇರಲಿ ಎಂದು ಎಂಜಿನಿಯರ್ ಧೀರೇಂದ್ರ ಖಂಡೆಪ್ಪನನ್ನು ಉಳಿಸಿಕೊಂಡ. ಯಂತ್ರದ ಜೊತೆ ಬಂದಿದ್ದ ಪುಣೆಯವನು ಎರಡು ದಿನ ಕಲಿಸಿದ: ಹಸಿರು ಒತ್ತು, ಗಂಟೆ ಹೊಡೆದರೆ ಕೆಂಪು ಒತ್ತು, ಉಳಿದದ್ದನ್ನು ಮುಟ್ಟಬೇಡ.

ಖಡಿ ತುಂಬುವ ಲೋಡರಿನ ಡ್ರೈವರ್ ಮಜೀದಸಾಬ ಅವನನ್ನು ಅಂದಿನಿಂದ ಕುರ್ಚಿ ಗೌಡರು ಎಂದೇ ಕರೆಯುತ್ತಿದ್ದ. ಅದಕ್ಕೆ ಖಂಡೆಪ್ಪ ನಗುತ್ತಿದ್ದ. ಹೆಂಡತಿ ಪೀರಮ್ಮನ ಪ್ರಶ್ನೆಗೆ ಮಾತ್ರ ನಗು ಬರುತ್ತಿರಲಿಲ್ಲ. ಸಂಜೆ ನೀರು ಕೊಡುತ್ತ ಅವಳು, ಇವತ್ತು ಏನು ಮಾಡಿದಿ ಎಂದು ಕೇಳುವಳು. ಮೊದಲಾದರೆ ಅವನಲ್ಲಿ ಹೇಳಲು ಒಂದು ಮಾಳಿಗೆ ಇರುತ್ತಿತ್ತು.

ಆ ದಿನ ಏಳೂವರೆಗೆ ಕಂತ್ರಾಟುದಾರರ ಮ್ಯಾನೇಜರ್ ನಂದಕಿಶೋರ್ ಕ್ಯಾಬಿನ್ನಿಗೆ ಬಂದ, ಹಿಂದೆ ಧೀರೇಂದ್ರ. ಇಬ್ಬರ ಮುಖವೂ ಸರಿಯಿರಲಿಲ್ಲ. ಹಾಕಿದ ಕಾಂಕ್ರೀಟಿನಲ್ಲೇ ಸ್ವಲ್ಪ ತೆಗೆದು, ಗೇಣುದ್ದದ ಘನ ಮಾಡಿ, ನೀರಿನಲ್ಲಿಟ್ಟು, ವಾರದ ಮೇಲೆ ಒತ್ತಿ ಒಡೆದು ನೋಡುವುದು ಪದ್ಧತಿ. ಮಹಾನವಮಿ ಹಬ್ಬ ಮುಗಿಸಿ ಕೆಲಸ ಶುರುವಾದ ದಿನ ದವಾಖಾನೆಯ ವರಾಂಡಕ್ಕೆ ಸ್ಲ್ಯಾಬ್ ಹಾಕಿದ್ದರು. ಅದರ ಘನಗಳು ಬೇಕಾದ್ದಕ್ಕಿಂತ ಕಡಿಮೆ ಒತ್ತಿಗೇ ಒಡೆದಿದ್ದವು. ಹಬ್ಬದ ಹಿಂದಿನವು ಗಟ್ಟಿಯಿದ್ದವು. ಸಿಮೆಂಟು ಅದೇ, ಉಸುಕು ಅದೇ, ನೀರು ಅದೇ.

ನಂದಕಿಶೋರ್ ಒಂದೇ ಮಾತು ಕೇಳಿದ. "ಅವತ್ತ ನೀ ಏನ್ ಮಾಡ್ದಿ?"

"ಏನೂ ಮಾಡಿಲ್ರಿ."

"ಏನೂ ಮಾಡಿಲ್ಲಂದ್ರ ಇಲ್ಲಿ ಯಾಕ ಕುಂತೀದಿ?"

ಖಂಡೆಪ್ಪ ಪೆಟ್ಟಿಗೆಯ ಕಡೆ ನೋಡಿದ. ಎಲ್ಲವನ್ನೂ ಯಂತ್ರವೇ ಮಾಡಿದರೆ ತಪ್ಪು ತನ್ನದು ಹೇಗಾದೀತು? ತಪ್ಪು ತನ್ನದಲ್ಲವೆಂದರೆ ತಾನು ಇಲ್ಲಿ ಯಾತಕ್ಕೆ? ಒಂದು ಕಡೆಯಿಂದ ಬಿಡಿಸಿದರೆ ಇನ್ನೊಂದು ಕಡೆ ಗಂಟು ಬೀಳುತ್ತಿತ್ತು. ಹೈದರಾಬಾದಿನಿಂದ ಕಲಿತ ಆಪರೇಟರನನ್ನು ಕರೆಸುವುದಾಗಿ, ಶನಿವಾರಕ್ಕೆ ಖಂಡೆಪ್ಪ ಬಿಡಬಹುದೆಂದು ಹೇಳಿ ನಂದಕಿಶೋರ್ ಹೊರಟುಹೋದ.

ಧೀರೇಂದ್ರ ಸೇಡಂನವನೇ. ಅವನ ತಂದೆ ಮಠದಲ್ಲಿ ಪೂಜೆಗಿದ್ದರು. ಯಾವುದನ್ನೂ ಅರ್ಧಕ್ಕೆ ಬಿಡುವ ಸ್ವಭಾವ ಅವನದಲ್ಲ. ಎರಡು ದಿನ ಉಸುಕಿನ ತೇವ ನೋಡಿದ, ನೀರಿನ ಮೀಟರ್ ಬಿಚ್ಚಿದ, ಸಿಮೆಂಟನ್ನು ಬೆರಳಲ್ಲಿ ತಿಕ್ಕಿದ. ಯಂತ್ರದ ಸಿಮೆಂಟು ತೂಗುವ ತೊಟ್ಟಿ ತುಂಬಿದಾಗ ಸಿಮೆಂಟಿನ ಕಿಂಡಿಯಲ್ಲಿ 175 ಕಿಲೋ ಬರಬೇಕು, ಬರುತ್ತಿತ್ತು. ಎಲ್ಲವೂ ಸರಿಯಿತ್ತು, ಕಾಂಕ್ರೀಟೊಂದೇ ಸರಿಯಿರಲಿಲ್ಲ.

ಖಂಡೆಪ್ಪನೂ ತನ್ನ ಲೆಕ್ಕದಲ್ಲಿ ಹುಡುಕಿದ. ಬಟನ್ ಒತ್ತುವಾಗ ಬೆರಳು ಎರಡು ಸಲ ತಾಗಿತೇ? ಹಬ್ಬದ ಹೋಳಿಗೆಯ ಜಡದಲ್ಲಿ ಕಣ್ಣು ಮುಚ್ಚಿದ್ದನೇ? ಕಣ್ಣು ಮುಚ್ಚಿದ್ದರೂ ಯಂತ್ರಕ್ಕೆ ಏನು? ಪೀರಮ್ಮನಿಗೆ ಹೇಳಿದಾಗ, "ಆ ಮಷಿನ್ನಿಗಿ ನಿನ್ನ ಮ್ಯಾಲ ಸಿಟ್ಟು ಬಂದಿರ್ಬೇಕು" ಎಂದಳು. ಅವಳು ತಮಾಷೆ ಮಾಡಿದಳೋ ಖರೆ ಹೇಳಿದಳೋ ಅದೂ ಅವನಿಗೆ ತಿಳಿಯಲಿಲ್ಲ.

ಶನಿವಾರ ಮಧ್ಯಾಹ್ನ ಕೆಲಸ ನಿಂತಿತ್ತು. ಸೋಮವಾರದಿಂದ ವಾಡಿಯಲ್ಲಿ ಎಲ್ಲಾದರೂ ಕೈಗೆಲಸ ಹುಡುಕಬೇಕು, ಅದಕ್ಕೆ ಸಲಿಕೆ ಬೇಕು. ಸಲಿಕೆ ಯಂತ್ರದ ಹಿಂದಿತ್ತು. ಮಹಾನವಮಿಯ ದಿನ ಯಂತ್ರಕ್ಕೆ ಪೂಜೆಯಾದಾಗ, ಹೊಸದಕ್ಕೊಂದೇ ಪೂಜೆ ಮಾಡಿದರೆ ಹಳೆಯವು ಮುನಿಸಿಕೊಳ್ಳುತ್ತವೆ ಎಂದು ಪೀರಮ್ಮ ಹಟ ಹಿಡಿದಿದ್ದಳು. ಹಾಗಾಗಿ ಗ್ಯಾಂಗಿನ ಸಲಿಕೆಗಳನ್ನು, ಹಾರೆಯನ್ನು, ಬಾಂಡಲಿಗಳನ್ನು ತೊಳೆದು, ವಿಭೂತಿ ಹಚ್ಚಿ, ಸಿಮೆಂಟು ತೂಗುವ ತೊಟ್ಟಿಯ ಹಿಂಬದಿಗೆ ಹಗ್ಗದಿಂದ ಕಟ್ಟಿದ್ದರು. ಒಂದೇ ಕಾಯಿ, ಒಂದೇ ಆರತಿ, ಎರಡಕ್ಕೂ. ಧೀರೇಂದ್ರನೇ ಕಾಯಿ ಒಡೆದಿದ್ದ. ಪೂಜೆಗಿಟ್ಟ ಆಯುಧವನ್ನು ಮರುದಿನದ ತನಕ ಮುಟ್ಟಬಾರದು, ಕೆಲಸ ಶುರುವಾದಾಗ ಅವರವರು ಅವರವರದನ್ನು ತೆಗೆದುಕೊಳ್ಳಬೇಕು. ಆದರೆ ಈ ಸಲ ತೆಗೆದುಕೊಳ್ಳುವವರು ಯಾರೂ ಇರಲಿಲ್ಲ. ಬೂದಿಬಣ್ಣದ ಪುಡಿ ಕೂತು ಅವೂ ಯಂತ್ರದ ಒಂದು ಅಂಗದಂತೆಯೇ ಕಾಣುತ್ತಿದ್ದವು.

ಖಂಡೆಪ್ಪ ಏಣಿ ಹತ್ತಿ, ಹಗ್ಗ ಸಡಿಲಿಸಿ, ತನ್ನ ಸಲಿಕೆಯನ್ನು ಎಳೆದುಕೊಂಡ. ಹಾರೆಯೂ ತನ್ನದೇ. ಅದನ್ನೂ ಬಿಡಿಸಿ ಹೆಗಲಿಗಿಟ್ಟ.

ಕ್ಯಾಬಿನ್ನಿನಿಂದ ಧೀರೇಂದ್ರನ ದನಿ ಬಂತು. "ಖಂಡೆಪ್ಪ ಕಾಕಾ, ಏನ್ ಮಾಡ್ದಿ ಈಗ?"

ಖಂಡೆಪ್ಪ ಏಣಿಯ ಮೇಲೇ ನಿಂತ. "ಏನೂ ಮಾಡಿಲ್ರಿ. ನನ್ನ ಸಲಿಕಿ ಹಾರಿ ತಗೊಂಡು ಹೋಗಾಕತ್ತೀನಿ."

"ಹೊಳ್ಳಿ ಇಡು."

"ನನ್ನವೇ ಅವರಿ, ಕಂಪನೀವಲ್ಲ."

"ಗೊತ್ತದ. ಇದ್ದಲ್ಲೇ ಇಡು. ಹಾಂ. ಈಗ ತಗೀ. ಮತ್ತ ಇಡು."

ಮಜೀದಸಾಬ ಲೋಡರಿನಿಂದ ಇಳಿದು ಬಂದು ನಿಂತ. "ಸಾಹೇಬ್ರು ಹೋಗೋ ಮುಂದ ಕವಾಯತು ಮಾಡಸ್ಲಿಕತ್ತಾರ ನೋಡು, ಗೌಡ್ರ" ಎಂದ. ಖಂಡೆಪ್ಪ ಬೆವರುತ್ತ ತೆಗೆದ, ಇಟ್ಟ, ತೆಗೆದ. ಯಾಕೆಂದು ಯಾರೂ ಹೇಳಲಿಲ್ಲ.

ಕೊನೆಗೆ ಧೀರೇಂದ್ರ ಅವನನ್ನು ಕ್ಯಾಬಿನ್ನಿಗೆ ಕರೆದು ಕಿಂಡಿ ತೋರಿಸಿ, ಮಜೀದಸಾಬನಿಗೆ ಉಳಿದದ್ದೆಲ್ಲ ಬಿಚ್ಚಲು ಹೇಳಿದ. ಬಾಂಡಲಿ ಇಳಿದಂತೆ ಅಂಕಿ ಇಳಿಯಿತು, ಸಲಿಕೆ ಇಳಿದಂತೆ ಮತ್ತಷ್ಟು ಇಳಿದು ಸೊನ್ನೆಗೆ ಬಂತು. ಎಲ್ಲ ಕಟ್ಟಿದ್ದಾಗ ಅದು ಇಪ್ಪತ್ನಾಲ್ಕಿತ್ತು. ತೊಟ್ಟಿ ತನ್ನ ಮೈಮೇಲೆ ಇದ್ದದ್ದನ್ನೆಲ್ಲ ಸಿಮೆಂಟೆಂದೇ ಎಣಿಸುತ್ತದೆ. ಸಲಿಕೆ ಹಾರೆಗಳ ಇಪ್ಪತ್ನಾಲ್ಕು ಕಿಲೋ ಆಗಲೇ ಇದ್ದುದರಿಂದ, ಅಷ್ಟು ಸಿಮೆಂಟನ್ನು ಕಡಿಮೆ ತುಂಬಿಕೊಂಡು 175 ಎಂದು ತೋರಿಸಿದೆ. ತುಂಬಿದ ತೊಟ್ಟಿಯ ಅಂಕಿಯನ್ನು ಎಲ್ಲರೂ ನೋಡುತ್ತಿದ್ದರು. ಖಾಲಿ ತೊಟ್ಟಿಯದು ಯಾರಿಗೂ ಬೇಕಾಗಿರಲಿಲ್ಲ.

"ಖಾಲಿ ಇದ್ದಾಗ ಇಪ್ಪತ್ನಾಲ್ಕು ತೋರ್ಸೋದು ನೀ ನೋಡಿದ್ದಿಲ್ಲೇನು?" ಧೀರೇಂದ್ರ ಮೆಲ್ಲಗೆ ಕೇಳಿದ.

"ದಿನಾ ನೋಡೀನ್ರಿ. ಮಷಿನ್ ತೋರ್ಸಿದ್ದು ತಪ್ಪಿರ್ತದಂತ ನನಗೇನ್ ಗೊತ್ತು?"

ಧೀರೇಂದ್ರ ತೊಟ್ಟಿಯ ಕಡೆ ಕೈ ತೋರಿದ. "ನಾನೂ ಅಲ್ಲೇ ಕೈ ಮುಗದು ನಿಂತಿದ್ದೆ, ಕಾಕಾ" ಎಂದ.

ತಪ್ಪಿನಲ್ಲಿ ತನ್ನ ಪಾಲೂ ಇದೆಯೆಂದು ನಂದಕಿಶೋರನಿಗೂ ಹೇಳಿದ. ಆ ಸ್ಲ್ಯಾಬನ್ನಾಗಲಿ ಹಬ್ಬದ ಮೇಲೆ ಹಾಕಿದ ಬೇರೆಯದನ್ನಾಗಲಿ ಒಡೆಯಬೇಕಾಗಿಲ್ಲ, ಕೆಳಗೆ ಆಸರೆಗೆ ಕೊಟ್ಟ ಕಂಬಗಳನ್ನು ತೆಗೆಯದೆ ನೀರುಣಿಸಿ ಇಪ್ಪತ್ತೆಂಟನೆಯ ದಿನದ ಘನ ಒಡೆದು ನೋಡೋಣ, ಲೆಕ್ಕದಲ್ಲಿ ಅಷ್ಟು ಹೆಚ್ಚಿನ ಬಲ ಇಟ್ಟಿರುತ್ತೇವೆ ಎಂದ. ಮುಂದೆ ಎಲ್ಲವೂ ತೇರ್ಗಡೆಯಾದವು. ಖಂಡೆಪ್ಪನ ವಿಷಯದಲ್ಲಿ ಮಾತ್ರ ನಂದಕಿಶೋರ್ ಅಷ್ಟು ಬೇಗ ಬಗ್ಗಲಿಲ್ಲ. ಹೈದರಾಬಾದಿನವನು ಬರುವ ತನಕ ಕೂತಿರಲಿ, ಸೋಮವಾರ ದೊಡ್ಡ ಸ್ಲ್ಯಾಬ್ ಇದೆ, ಇವನಿಂದ ಕೆಲಸ ನಿಂತರೆ ಅಲ್ಲಿಗೆ ಮುಗಿಯಿತು ಎಂದ.

ಧೀರೇಂದ್ರ ಹೊಸ ನಿಯಮ ಮಾಡಿದ. ಬೆಳಿಗ್ಗೆ ಮೊದಲ ಲಾರಿಗೆ ಮುಂಚೆ ಖಂಡೆಪ್ಪ ತೊಟ್ಟಿಯ ಸುತ್ತ ಹೋಗಿ ನೋಡಬೇಕು, ಬಂದು ಖಾಲಿ ತೊಟ್ಟಿಯ ಅಂಕಿಯನ್ನು ಎಲ್ಲರಿಗೂ ಕೇಳುವ ಹಾಗೆ ಹೇಳಬೇಕು. ಸೊನ್ನೆಯಿದ್ದರೆ ಹಸಿರು ಬಟನ್. ಇಲ್ಲದಿದ್ದರೆ ಇಲ್ಲ.

ಖಂಡೆಪ್ಪ ಕೇಳಿದ. "ನಾ ಬ್ಯಾಡಂದ್ರ ಇಷ್ಟ ದೊಡ್ಡ ಮಷಿನ್ ನಿಂದರ್ತದೇನ್ರಿ?"

"ನಿಂದರ್ಬೇಕು."

ಅದು ಅವನಿಗೆ ಪೂರಾ ಅರ್ಥವಾಗಲಿಲ್ಲ. ಏನಾದರೂ ಮಾಡುವುದು ಕೆಲಸವೆಂದು ಅವನು ತಿಳಿದಿದ್ದ, ಬೇಡ ಎನ್ನುವುದೂ ಕೆಲಸವಾಗಬಹುದೆಂದು ಯಾರೂ ಹೇಳಿರಲಿಲ್ಲ.

ಸೋಮವಾರ ಲಾರಿಗಳು ಸಾಲಾಗಿ ನಿಂತಿದ್ದವು. ನಂದಕಿಶೋರ್ ಕ್ಯಾಬಿನ್ನಿನ ಬಾಗಿಲಲ್ಲಿ ಗಡಿಯಾರ ನೋಡುತ್ತ ನಿಂತಿದ್ದ. ಖಂಡೆಪ್ಪ ಏಣಿ ಹತ್ತಿ ತೊಟ್ಟಿಯ ಸುತ್ತ ಕೈಯಾಡಿಸಿದ. ಹಗ್ಗವಿಲ್ಲ, ಸಲಿಕೆಯಿಲ್ಲ, ಒಂದು ಹೂವಿನ ಎಸಳೂ ಇಲ್ಲ. ಇಳಿದು ಬಂದು ಕಿಂಡಿ ನೋಡಿದ. ಕಣ್ಣುಜ್ಜಿ ಮತ್ತೆ ನೋಡಿದ. ಮತ್ತೆ ಹೊರಗೆ ಹೋಗಿ, ಹತ್ತಿ, ನೋಡಿ ಬಂದು ಕುರ್ಚಿಯಲ್ಲಿ ಕೂತ. ತೊಟ್ಟಿಯ ಮೇಲೆ ಏನೂ ಇರಲಿಲ್ಲ, ಕಿಂಡಿಯಲ್ಲಿ ಮಾತ್ರ ಅಂಕಿ ಇತ್ತು. ಒಳಗೆ ಸಿಮೆಂಟು ಹೆಪ್ಪುಗಟ್ಟಿದೆಯೋ, ಯಂತ್ರಕ್ಕೇ ಭ್ರಮೆಯೋ, ತನಗೇ ಭ್ರಮೆಯೋ, ಅವನಿಗೆ ಗೊತ್ತಾಗಲಿಲ್ಲ. ಸೊನ್ನೆ ಎಂದುಬಿಟ್ಟರೆ ಕಿಂಡಿಗೆ ಬೆನ್ನು ಮಾಡಿ ನಿಂತ ನಂದಕಿಶೋರನಿಗೆ ತಿಳಿಯುವಂತಿರಲಿಲ್ಲ. ಮೊದಲ ಲಾರಿಯವನು ಹಾರ್ನ್ ಹೊಡೆದ. ನಂದಕಿಶೋರ್ ತಿರುಗಿ, ಏನಾಯಿತೆಂದು ಕೇಳಿದ.

ಖಂಡೆಪ್ಪ ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು, ಕುರ್ಚಿಯಿಂದ ಎದ್ದು ನಿಂತು, ಲಾರಿಗಳ ಸಾಲಿಗೂ ಕೇಳುವ ಹಾಗೆ ಗಟ್ಟಿಯಾಗಿ ಹೇಳಿದ:

"ನಾಲ್ಕು ಕಿಲೋ."