ಬಚ್ಚಲ ಕಪ್ಪೆಗೆ ಕೇಳಿದ ಕ್ಷಮೆ

ಮನೆಗೆ ಯಾರಾದರೂ ಬರುತ್ತಾರೆಂದರೆ ಸಾಕು, ನನ್ನ ಕೈ ತಾನಾಗಿ ಪೊರಕೆಗೆ ಹೋಗುತ್ತದೆ. ಬರುವವರು ಬೀಗರೋ, ಹಾಲು ಅಳೆಸಿಕೊಳ್ಳುವವನೋ ಎಂದು ಪೊರಕೆ ವಿಚಾರಿಸುವುದಿಲ್ಲ. ಈ ಚಟದಿಂದ ಒಮ್ಮೆ ಮೊಮ್ಮಗಳನ್ನೇ ಅಳಿಸಿಬಿಟ್ಟೆ.

ಆಗ ಮಂಜುಳಾ ಐದನೇ ಕ್ಲಾಸು. ಅವರ ಟೀಚರಮ್ಮನ ತಮ್ಮ ಬಂಗಾರಪೇಟೆಯಲ್ಲಿ ಮದುವೆಗಳ ವೀಡಿಯೊ ತೆಗೆಯುತ್ತಿದ್ದ. ಆಷಾಢದಲ್ಲಿ ಮದುವೆ ಎಲ್ಲಿಯದು? ಕ್ಯಾಮೆರಾ ಸುಮ್ಮನೆ ಪೆಟ್ಟಿಗೆಯಲ್ಲಿತ್ತು. ಟೀಚರಮ್ಮ ಅದನ್ನು ಒಂದು ಶನಿವಾರದ ಮಟ್ಟಿಗೆ ಕೇಳಿ ತಂದರು. ನಮ್ಮ ಸುತ್ತಮುತ್ತಲಿನ ಪ್ರಾಣಿಗಳನ್ನು ಮಕ್ಕಳೇ ತೆಗೆಯಬೇಕಂತೆ. ಒಬ್ಬ ಬೇತಮಂಗಲದ ಕೆರೆಯ ಕೊಕ್ಕರೆ ಆರಿಸಿಕೊಂಡ, ಒಬ್ಬಳು ನವಿಲು. ನಮ್ಮವಳು ಬರೆಸಿ ಬಂದದ್ದು ನಮ್ಮ ಬಚ್ಚಲ ಮೂಲೆಯ ನೆಲಗಪ್ಪೆಯನ್ನು!

ಪಕ್ಕದ ಮನೆಯ ನಾರಾಯಣಮ್ಮ ಬೇಲಿಯಾಚೆಯಿಂದಲೇ ನಕ್ಕಳು. "ಏನಕ್ಕಾ, ನಿನ್ ಮೊಮ್ಮಗ್ಳಿಗೆ ಕಪ್ಪೇನೇ ಈರೋಯಿನ್ನಾ?"

ನನಗೂ ಒಳಗೊಳಗೆ ನಾಚಿಕೆ. ಕಪ್ಪೆ ಹೇಗಾದರೂ ಇರಲಿ, ಬಚ್ಚಲಾದರೂ ನೋಡುವ ಹಾಗಿರಲಿ ಎಂದು ಬೆಳಗ್ಗೆಯೇ ಪಾಚಿ ಉಜ್ಜಿದೆ. ಒಡೆದ ಹೆಂಚು, ಕೊಳೆತ ತೆಂಗಿನ ಗರಿ ಎಲ್ಲವನ್ನೂ ಬಾಚಿ ತಿಪ್ಪೆಗೆ ಹಾಕಿದೆ. ಸುಣ್ಣ ಬಳಿದೆ. ಪುಟ್ಟದೊಂದು ರಂಗೋಲಿಯನ್ನೂ ಬಿಟ್ಟೆ. ವೀಡಿಯೊದವರು ಬರುವ ಮನೆಯೆಂದರೆ ಹಾಗಿರಬೇಡವೇ?

ಮಧ್ಯಾಹ್ನ ಟೀಚರಮ್ಮನೊಡನೆ ಬಂದ ಮಂಜುಳಾ ಬಚ್ಚಲು ನೋಡಿ ನಿಂತಲ್ಲೇ ನಿಂತಳು.

"ಅಜ್ಜೀ, ನನ್ ಕಪ್ಪೆ ಎಲ್ಲಿ?"

"ಇಲ್ಲೇ ಎಲ್ಲೋ ಇರ್ತದೆ ಕಣೇ."

"ಅದ್ರ ಮನೇನೇ ಕಿತ್ತಾಕ್ಬುಟ್ಯಲ್ಲಜ್ಜೀ!"

ಕಣ್ಣಲ್ಲಿ ನೀರು. ಮೂರೂವರೆಯ ಬಸ್ಸಿಗೆ ಕ್ಯಾಮೆರಾ ವಾಪಸ್ಸು ಹೋಗಬೇಕು. ಕಪ್ಪೆ ಸಿಗದಿದ್ದರೆ ಕ್ಲಾಸಿನಲ್ಲಿ ಇವಳೊಬ್ಬಳದೇ ಚಿತ್ರ ಇಲ್ಲ.

ನನಗೆ ತಿಪ್ಪೆ ನೆನಪಾಯಿತು. ಓಡಿಹೋಗಿ ಒದ್ದೆ ಗರಿಗಳನ್ನು ಒಂದೊಂದಾಗಿ ಎತ್ತಿದೆ. ಕೊನೆಯ ಗರಿಯ ಕೆಳಗೆ, ಗಂಟಲು ಪಟಪಟ ಬಡಿಯುತ್ತಾ, ಕೂತಿತ್ತು ಮಹಾರಾಯ! ಗರಿಯ ಜೊತೆ ಅದನ್ನೂ ಬಾಚಿ ಎಸೆದಿದ್ದೆ. ಮಂಜುಳಾ ಸದ್ದಿಲ್ಲದೆ ಬಂದು ಹೊಟ್ಟೆಯ ಮೇಲೆ ಮಲಗಿ ಕ್ಯಾಮೆರಾಕ್ಕೆ ಕಣ್ಣಿಟ್ಟಳು. ನಾನೂ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತೆ. ಎಷ್ಟು ವರ್ಷದಿಂದ ಒಂದೇ ಬಚ್ಚಲು ನಮ್ಮಿಬ್ಬರದು. ಅದರ ಕಣ್ಣು ಬಂಗಾರದ ಬಣ್ಣವೆಂದು ಅವತ್ತೇ ನೋಡಿದ್ದು. ನಮ್ಮ ಯಜಮಾನರು ಚಾಂಪಿಯನ್ ರೀಫ್ಸಿನ ಚಿನ್ನದ ಗಣಿಯಲ್ಲಿ ದಿನಾ ಪಾತಾಳಕ್ಕಿಳಿದು ಅಗೆಯುತ್ತಿದ್ದ ಬಣ್ಣ, ಇಲ್ಲಿ ಕೂತು ನನ್ನನ್ನೇ ನೋಡುತ್ತಿತ್ತು. ನನ್ನ ಬಾಯಿ ಸುಮ್ಮನಿರಲಿಲ್ಲ.

"ಬ್ಯಾಸ್ರ ಮಾಡ್ಕೋಬ್ಯಾಡ ಕಣಪ್ಪಾ. ಯಾರೋ ಬತ್ತಾರೆ ಅಂತ ನಿನ್ ಮನೆ ಕಿತ್ತಾಕ್ಬುಟ್ಟೆ. ಎಂಚು, ಗರಿ ಎಲ್ಲಾ ತಿರ್ಗಾ ಇಡ್ತೀನಿ, ಬಂದ್ಬುಡು."

ಅದು ಒಂದು ಇರುವೆ ನುಂಗಿ, ಯೋಚಿಸುತ್ತಾ ಕೂತಿತು.

ಸೋಮವಾರ ಶಾಲೆಯಲ್ಲಿ ಟೀವಿ ಇಟ್ಟು ತೋರಿಸಿದರು, ನನ್ನನ್ನೂ ಕರೆದಿದ್ದರು. ಕೊಕ್ಕರೆ ಹಾರಿಹೋಗಿತ್ತು, ನವಿಲು ದೂರದಲ್ಲೊಂದು ಚುಕ್ಕಿ. ನಮ್ಮ ಕಪ್ಪೆಯೋ, ಟೀವಿಯ ತುಂಬ! ಹಿಂದೆಯೇ ನನ್ನ ದನಿ ಕೇಳಿಬಂತು. ಮಕ್ಕಳು ಬಿದ್ದು ಬಿದ್ದು ನಕ್ಕರು. ನಾನು ಸೆರಗಿನಲ್ಲಿ ಮುಖ ಮುಚ್ಚಿಕೊಂಡೆ.

"ಅಜ್ಜಿ ಮಾತು ಅಳಿಸ್ಬಿಡೋಣ್ವಾ?" ಎಂದರು ಟೀಚರಮ್ಮ.

"ಬ್ಯಾಡ ಮಿಸ್," ಎಂದಳು ಮಂಜುಳಾ. "ಅಜ್ಜಿ ಮಾತಾಡ್ತಿದ್ದಿದ್ರಿಂದ್ಲೇ ಅದು ಓಡೋಗ್ನಿಲ್ಲ."

ಟೀಚರಮ್ಮ ಟೇಪು ಹಿಂದಕ್ಕೆ ತಿರುಗಿಸಿ, ತುಟಿಯ ಮೇಲೆ ಬೆರಳಿಟ್ಟು, ಎಲ್ಲರೂ ಕಿವಿಗೊಟ್ಟು ಕೇಳಿ ಎಂದರು. ಕ್ಲಾಸು ಗಪ್‌ಚಿಪ್ಪಾಯಿತು. ಎರಡನೇ ಕ್ಲಾಸಿಗೇ ಶಾಲೆ ಬಿಟ್ಟವಳು ನಾನು; ನನ್ನ ಮಾತು ಕೇಳಲು ಒಂದು ಶಾಲೆಯೇ ಸದ್ದಡಗಿಸಿ ಕೂತಿತ್ತು. ನಮ್ಮ ಮನೆಯಲ್ಲಿ ಇದು ಇನ್ನೂ ಸಾಧ್ಯವಾಗಿಲ್ಲ.