ಹುರುಳಿ ಹಾಸಿದ ರಸ್ತೆ

ಎರಡು ವರ್ಷ ಆ ಕಾರಿಗೆ ಜೀವ ತೇಯ್ದಿದ್ದೆ. ಹಳೆಯ ಸೆಡಾನ್. ಭಾಗ್ಯನಗರದ ಗ್ಯಾರೇಜಿನಲ್ಲಿ ನಾನೂ ಮೇಸ್ತ್ರಿಯೂ ಸೇರಿ ಅದನ್ನು ಓಟದ ಕಾರು ಮಾಡಿದೆವು. ಗಟ್ಟಿ ಸ್ಪ್ರಿಂಗ್ ಹಾಕಿ ನೆಲಕ್ಕೆ ತಗ್ಗಿಸಿದೆವು. ಅಗಲದ ಟೈರು, ಹೊಸ ಸೈಲೆನ್ಸರ್, ಮತ್ತೆ ಮತ್ತೆ ಎಂಜಿನ್ ಟ್ಯೂನಿಂಗ್. ತಿರುವಿನಲ್ಲಿ ಹಿಂಭಾಗ ಜಾರುವುದು ನಿಂತ ದಿನ ಇಬ್ಬರೂ ಮಿರ್ಚಿ ತಿಂದು ಹಬ್ಬ ಮಾಡಿದೆವು. ಮುಂದಿನ ಭಾನುವಾರ ಕಾರು ಓಟದ ಸ್ಪರ್ಧೆ. ನಮ್ಮ ಕಡೆಯ ಹೆಂಗಸರಲ್ಲಿ ಹೆಸರು ಕೊಟ್ಟವಳು ನಾನೊಬ್ಬಳೇ.

ಕೊನೆಯ ಸಲ ಓಡಿಸಿ ನೋಡೋಣವೆಂದು ಅಳವಂಡಿ ಕಡೆ ಹೊರಟೆ. ಅಲ್ಲಿ ಹೊಸ ಡಾಂಬರು ಬಿದ್ದಿತ್ತು. ಮೂರನೇ ಗೇರಿನಲ್ಲಿ ಕಾಲು ಒತ್ತಿದರೆ ಬೆನ್ನು ಸೀಟಿಗೆ ಅಂಟಿಕೊಂಡಿತು. ಖುಷಿಗೆ ಒಬ್ಬಳೇ ಕೂಗಿಬಿಟ್ಟೆ.

ಊರು ಹತ್ತಿರವಾದಂತೆ ರಸ್ತೆಯೇ ಮಾಯ! ಉದ್ದಕ್ಕೂ ಒಣ ಹುರುಳಿ ಬಳ್ಳಿ ಹಾಸಿದ್ದರು, ಗಾಡಿಗಳ ಚಕ್ರಕ್ಕೆ ಸಿಕ್ಕಿ ಕಾಳು ಉದುರಲಿ ಎಂದು. ಹೊಲದಲ್ಲಿ ಕಣ ಮಾಡಲು ಇವರಿಗೆ ಮೈಭಾರ. ಅಪರೂಪಕ್ಕೊಂದು ನೆಟ್ಟಗಿನ ರಸ್ತೆ ಬಂದರೆ ಅದನ್ನೇ ಕಣ ಮಾಡುತ್ತಾರೆ. ನಡುರಸ್ತೆಯಲ್ಲಿ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದವನು ನನ್ನ ಸ್ವಂತ ಸೋದರಮಾವ.

“ಮಾಮಾ, ಬಳ್ಳಿ ಸರಿಸು. ಗಾಡಿ ಭಾಳ ತಗ್ಗೈತಿ, ಸೈಲೆನ್ಸರ್ ಕಾದೈತಿ. ಬೆಂಕಿ ಹತ್ತತೈತಿ.”

“ಮುಂಜಾನಿಂದ ಎಷ್ಟ ಗಾಡಿ ಹೋದ್ವು! ನಿಂದೇನು ಬಂಗಾರದ್ದೇನ ಬೇ? ಹೋಗು, ಅಗಲ ಗಾಲಿ ಅದಾವು, ಕಾಳು ಛಲೋ ಉದುರತಾವು.”

ಅವನು ಬದಿಗೆ ಸರಿದ, ಬಳ್ಳಿ ಸರಿಸಲಿಲ್ಲ. ಹಿಂದೆ ಲಾರಿಯವನ ಹಾರ್ನು ನಿಲ್ಲುತ್ತಿಲ್ಲ. ಹಲ್ಲು ಕಚ್ಚಿ ಹೊರಟೆ. ಅರ್ಧ ದಾಟುವಷ್ಟರಲ್ಲಿ ಸುಟ್ಟ ವಾಸನೆ, ಹೊಗೆ. ಕೆಳಗೆ ಸುತ್ತಿಕೊಂಡ ಬಳ್ಳಿ ಹೊತ್ತಿಕೊಂಡಿತ್ತು. ಜಿಗಿದಿಳಿದು ಚೀರಿದೆ. ಮಾಮಾ ಕೊಡ ಹಿಡಿದು ಓಡಿ ಬಂದ. ನೀರು ಸುರಿದದ್ದು ಎಲ್ಲಿಗೆ? ಹುರುಳಿಗೆ! ಕಾರಿಗೆ ಎರಡನೇ ಕೊಡ.

ವೈರಿಂಗೂ ಟೈರೂ ಸುಟ್ಟುಹೋದವು. ಆ ಭಾನುವಾರ ಸ್ಪರ್ಧೆಯಲ್ಲಿ ನನ್ನ ಹೆಸರು ಕರೆಯುವ ಹೊತ್ತಿಗೆ ನಾನು ಗ್ಯಾರೇಜಿನಲ್ಲಿ ಕಾರಿನ ಮಸಿ ಒರೆಸುತ್ತ ಕೂತಿದ್ದೆ. ಅತ್ತುಬಿಟ್ಟೆ, ಹೌದು. ಸಿಟ್ಟಿಗೆ ಅತ್ತೆ.

ಈ ಸುಗ್ಗಿಗೆ ಮಾಮಾ ಫೋನು ಮಾಡಿದ. ಕ್ಷಮೆ ಕೇಳುತ್ತಾನೇನೋ ಎಂದುಕೊಂಡೆ.

“ಗಾಡಿ ರಿಪೇರಿ ಆತೇನ ಬೇ? ಹ್ವಾದ ಸಲ ಒಮ್ಮೆ ಹಾದಿದ್ದಕ್ಕ ಏನ ಕಾಳು ಉದುರಿದ್ವು! ಲಾರಿ ಸೈತ ಹಂಗ ಉದುರಿಸಂಗಿಲ್ಲ. ನಾಳೆ ಹಾಸ್ತೀನಿ, ಬಾ.”

ಫೋನು ಕುಕ್ಕಿದೆ. ನನ್ನ ಕಾರಿನ ಓಟವನ್ನು ಇವತ್ತಿನವರೆಗೆ ಹೊಗಳಿದವನು ಅವನೊಬ್ಬನೇ. ಅದಕ್ಕೇ ಮೈಯೆಲ್ಲ ಉರಿಯುತ್ತದೆ.